ಶಬ್ದದೋಷವೋ ಅರ್ಥದೋಷವೋ?

ಶಬ್ದವು ಆಕಾಶದ ಗುಣವೆಂಬುದು ತಾರ್ಕಿಕರ ಸಿದ್ಧಾಂತ. ಹದಿನೇಳನೆಯ ಶತಮಾನದ ಅನ್ನಂಭಟ್ಟನು ಬಾಲಕರಿಗಾಗಿ ರಚಿಸಿದ ತರ್ಕಸಂಗ್ರಹವನ್ನು ಓದಿದವರೆಲ್ಲರಿಗೂ ಇದು ತಿಳಿದ ವಿಷಯವೇ ಸರಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ಸ್ಥಾಪಿಸಿದಾಗ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಗೆ ನಿಂತಿತು. ಹೆಸರಿಟ್ಟವರಿಗೆ ಶಾಸ್ತ್ರದ ನೆನಪು ಇದ್ದಿತೋ ಇಲ್ಲವೋ, ಹೆಸರಂತೂ ಶಾಸ್ತ್ರಕ್ಕೆ ಒಪ್ಪುವಂತಹುದು. ಆದರೆ ಆಕಾಶದಿಂದ ನಿರ್ಮಲವಾಗಿ ಇಳಿದು ಬಂದ ವಾಣಿಯು ನಮ್ಮ ವಾಹನವನ್ನು ಹೊಕ್ಕೊಡನೆ ಹೇಗೆ ಕೆಡುತ್ತಿದ್ದಿತೆಂಬುದನ್ನು ಇಲ್ಲಿ ಬರೆಯಬೇಕೆಂದಿದ್ದೇವೆ. ಇಂತಹ ತೊಂದರೆಯು ಮೋಟಾರು ಇಟ್ಟುಕೊಂಡ ಅನೇಕ ಸಂಸಾರಗಳಲ್ಲಿ ಇರುವುದರಿಂದ ವಾಚಕರಿಗೆ ಉಪಯೋಗವಾದರೂ ಆದೀತು.

ನಮ್ಮದು ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ. ಇಲ್ಲಿಂದ ಆಂಧ್ರದ ಗಡಿ ದೂರವಿಲ್ಲ. ಸಂತೆಗೆ ಹಿಂದೂಪುರ, ಕಚೇರಿಗೆ ಮಧುಗಿರಿ, ಮಾತಿಗೆ ಕನ್ನಡ ತೆಲುಗು ಎರಡೂ. ನಮ್ಮ ತಮ್ಮನ ಮಗನು ಕಡಲೆಕಾಯಿ ಬೆಳೆಯುವ ರೈತ. ಹೊಲದ ದಾರಿಗೂ ಜಯಮಂಗಲಿಯ ಮರಳಿಗೂ ತಡೆಯಬೇಕೆಂದು ಅವನು ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ದೊರೆಯುವ ಡೀಸೆಲ್ ಗಾಡಿಯೊಂದನ್ನು ಹಳೆಯದಾಗಿಯೇ ಕೊಂಡನು. ಅದರಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳು ಮಾತ್ರ ದುಡಿಯುವುವು. ಮರಳಿನಲ್ಲೋ ಕೆಸರಿನಲ್ಲೋ ಸಿಕ್ಕಿದಾಗ ಕೈಬಳಿಯ ಎರಡನೆಯ ಸನ್ನೆಯನ್ನು ಎಳೆದರೆ ಮುಂದಿನವೂ ಸೇರಿ ಕೊಳ್ಳುವುವು. ಬಲವೇನೋ ಆನೆಯದೇ, ಕುಲುಕಾಟವೂ ಆನೆಯದೇ. ಆ ಕುಲುಕಾಟವನ್ನು ವಾಚಕರು ಜ್ಞಾಪಕದಲ್ಲಿಟ್ಟಿರಬೇಕು.

ಈ ಗಾಡಿಗೆ ನಮ್ಮ ಮನೆಯಲ್ಲಿ ಮತ್ತೊಂದು ಕೆಲಸವೂ ಬಂದು ಒದಗಿತು. ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ದೃಷ್ಟಿ ಹೋಗಿ ಬಹಳ ಕಾಲವಾಯಿತು. ಕಳೆದ ವರ್ಷದಿಂದ ಮೂತ್ರಪಿಂಡಗಳೂ ಸೋತು, ವಾರಕ್ಕೆ ಎರಡು ಸಲ ಮಧುಗಿರಿಯಲ್ಲಿ ರಕ್ತಶುದ್ಧಿ, ಎಂದರೆ ಡಯಾಲಿಸಿಸ್, ಆಗಬೇಕು. ಒಂದೊಂದು ಸಲಕ್ಕೆ ಸುಮಾರು 4 ಗಂಟೆಗಳ ಕಾಲ ಯಂತ್ರದ ಬಳಿ ಮಲಗಿರಬೇಕು. ಮೊದಲನೆಯ ಸರದಿಯೇ ನಮ್ಮದಾದುದರಿಂದ ಬೆಳಗಿನ ಜಾವವೇ ಹೊರಡುವೆವು.

ಕಣ್ಣಿಲ್ಲದವರಿಗೆ ಪ್ರಯಾಣವೆಂದರೆ ಏನೆಂಬುದನ್ನು ಕಣ್ಣುಳ್ಳವರು ಬಲುಮಟ್ಟಿಗೆ ಅರಿಯರು. ಗಾಡಿ ಎಲ್ಲಿದೆ, ಎಷ್ಟು ದೂರ ಉಳಿದಿದೆ, ಈ ತಿರುವು ಯಾವುದು, ಒಂದೂ ತಿಳಿಯದೆ ಕತ್ತಲೆಯಲ್ಲಿ ಅಲುಗಾಡುತ್ತ ಕುಳಿತಿರಬೇಕು. ನಮ್ಮ ತಾಯಿಯವರು ಇದಕ್ಕೊಂದು ಉಪಾಯವನ್ನು ತಾವೇ ಕಂಡುಕೊಂಡಿದ್ದರು. ಗಾಡಿಯ ಸ್ಟೀರಿಯೊದಲ್ಲಿ ಬೆಂಗಳೂರು ಆಕಾಶವಾಣಿ ಹಾಡುತ್ತಿರಬೇಕು. ಅದರ ಕಾರ್ಯಕ್ರಮಗಳೇ ಅವರ ಮೈಲಿಗಲ್ಲುಗಳು. ಚಿಂತನವಾದರೆ ಊರಿನ ಎಲ್ಲೆ ದಾಟಿತು. ಸಂಸ್ಕೃತ ವಾರ್ತೆ ಆರಂಭವಾದರೆ ಪುರವರದ ಹತ್ತಿರ. ಕನ್ನಡದ ವಾರ್ತೆಯಾದರೆ ಬೆಟ್ಟ ಕಾಣಿಸುವ ಹೊತ್ತು. ಸಂಸ್ಕೃತ ವಾರ್ತೆಯು 1974ರಿಂದ ನಡೆದುಬಂದಿರುವುದು. “ಇಯಮಾಕಾಶವಾಣೀ” ಎಂದು ಕೇಳಿದೊಡನೆ ನಾವು ವಿಭಕ್ತಿಗಳನ್ನು ಗಮನಿಸುತ್ತ ಕೂರುವೆವು. ತಾಯಿಯವರಿಗೆ ಅದರಲ್ಲಿ ಒಂದು ವಾಕ್ಯವೂ ತಿಳಿಯದು. “ತಿಳಿಯದಿದ್ದರೇನಪ್ಪ, ಪುರವರ ಬಂತೂಂತ ತಿಳಿಯುತ್ತಲ್ಲ” ಎನ್ನುವರು.

ಬೆಂಗಳೂರು ನಿಲಯವು ನಮ್ಮ ಸೀಮೆಯಲ್ಲಿ ಕೇಳಿಸುವುದಕ್ಕೂ ಕಾರಣವುಂಟು. ಅದರ ಮಧ್ಯಮ ತರಂಗವು 612 ಕಿಲೋಹರ್ಟ್ಸ್‌ನದು. ಅಲೆಯ ಉದ್ದ ಸುಮಾರು 490 ಮೀಟರು. ಅಷ್ಟು ನೀಳವಾದ ಅಲೆಯು ನೆಲವನ್ನೇ ಅನುಸರಿಸಿ, ಬೆಟ್ಟಗುಡ್ಡಗಳನ್ನು ಬಳಸಿಕೊಂಡು ಬರಬಲ್ಲುದು. ಎಫ್.ಎಂ. ಎಂಬುದರ ಅಲೆಯಾದರೋ ಕೇವಲ 3 ಮೀಟರಿನಷ್ಟು. ಸ್ವರ ಸೊಗಸು, ಆದರೆ ಹೆಬ್ಬಂಡೆಯೊಂದು ಅಡ್ಡ ನಿಂತರೆ ಅಲ್ಲಿಗೆ ಮುಗಿಯಿತು. ಮಧುಗಿರಿಯ ಸುತ್ತ ಬಂಡೆಗಳಿಗೆ ಬರವಿಲ್ಲವಷ್ಟೆ.

ಕಳೆದ ಕಾರ್ತಿಕದಲ್ಲಿ ಸ್ಟೀರಿಯೊಕ್ಕೆ ರೋಗ ತಗಲಿತು. ಸಂಗೀತದ ಹಿಂದೆ ಸಣ್ಣದೊಂದು ಕೊಯ್ಯೆಂಬ ಕೂಗು. ವೇಗ ಹೆಚ್ಚಿದಂತೆ ಅದೂ ಷಡ್ಜದಿಂದ ಏರುತ್ತ ಏರುತ್ತ ತಾರಸ್ಥಾಯಿಗೆ ಹೋಗುವುದು. ಗಾಡಿ ನಿಧಾನಿಸಿದರೆ ತಾನೂ ಇಳಿಯುವುದು. ನಮಗೆ ಅದು ಸೊಳ್ಳೆಯ ಕಾಟದಷ್ಟು. ಕಣ್ಣಿನ ಕೆಲಸವನ್ನೂ ಕಿವಿಯಿಂದಲೇ ಮಾಡಿಕೊಳ್ಳುವ ತಾಯಿಯವರಿಗೆ ತಲೆಯೊಳಗೆ ಬೈರಿಗೆ ತಿರುಗಿಸಿದಂತೆ. ನಿಲ್ಲಿಸಿಬಿಟ್ಟರೆ ಮೌನ, ಆ ಮೌನದಲ್ಲಿ ಅವರು ಮುಂದಿನ ಕಂಬಿಯನ್ನು ಎರಡು ಕೈಗಳಿಂದಲೂ ಹಿಡಿದು, “ಎಲ್ಲಿದ್ದೇವೆ? ಎಲ್ಲಿದ್ದೇವೆ?” ಎಂದು ಮಧುಗಿರಿಯವರೆಗೂ ಕೇಳುವರು. ಮೂರನೆಯ ವಾರ ಒಂದು ಮುಂಜಾನೆ ಹಾಸಿಗೆಯಿಂದ ಏಳಲೇ ಇಲ್ಲ. “ಇವತ್ತು ಬೇಡ” ಎಂದರು. ನಾಲ್ಕು ದಿನಗಳಲ್ಲಿ ಕಾಲುಗಳು ಬಾತುಕೊಂಡವು, ಮಲಗಿದರೆ ಉಸಿರು ಕಟ್ಟಿತು. ರಕ್ತಶುದ್ಧಿಯು ತಪ್ಪಿದರೆ ನೀರು ಮೈಯಲ್ಲಿಯೇ ನಿಲ್ಲುವುದಲ್ಲದೆ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣವು ಏರಿ ಹೃದಯವನ್ನೇ ನಿಲ್ಲಿಸಬಹುದೆಂದು ವೈದ್ಯರು ಎಚ್ಚರಿಸಿದರು. ಒಂದು ಸ್ಟೀರಿಯೊದ ಕೊಯ್ಯೆನ್ನುವಿಕೆಯು ಇಷ್ಟು ದೂರ ಬರುವುದೆಂದು ಯಾರು ತಾನೆ ನೆನೆಸುವರು?

ಅಂಗಡಿಗಳಿಗೆ ತೋರಿಸಿದೆವು. ಹೆಸರುಗಳು ಇಲ್ಲಿ ಅನಗತ್ಯ. ಮೊದಲನೆಯವನು ಕಿವಿಗೊಟ್ಟು ಕೇಳಿ, “ಪ್ಲಗ್ಗಿನ ಕಿಡಿಯ ಸದ್ದು” ಎಂದು ತೀರ್ಪು ಕೊಟ್ಟನು. ಪೆಟ್ರೋಲ್ ಎಂಜಿನಿನಲ್ಲಿ ಕಿಡಿಯ ಪ್ಲಗ್ಗುಗಳಿರುವುದೂ ಅವುಗಳಿಂದ ಬಾನುಲಿಯಲ್ಲಿ ಚಟಪಟ ಸದ್ದು ಬರುವುದೂ ನಿಜ. ಆದರೆ ನಮ್ಮದು ಡೀಸೆಲ್. ಅಲ್ಲಿ ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುವುದು, ಕಿಡಿಯೇ ಇಲ್ಲ. ಹೇತುವೇ ಪಕ್ಷದಲ್ಲಿಲ್ಲದಿದ್ದರೆ ಅದನ್ನು ಸ್ವರೂಪಾಸಿದ್ಧವೆನ್ನುವರು. ಶಬ್ದವು ಗುಣ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ ಎಂದು ವಾದಿಸಿದಂತೆ; ಶಾಸ್ತ್ರಕಾರರು ಕೊಡುವ ಉದಾಹರಣೆಯೂ ಶಬ್ದದ್ದೇ ಆಗಿರುವುದು ಒಂದು ಸೋಜಿಗ. ಎರಡನೆಯವನು ಕೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. “ಹಳೇ ಸೆಟ್ಟು ಸಾರ್, ಹೊಸದು ಹಾಕಿಸಿ” ಎಂದು ಹದಿನಾಲ್ಕು ಸಾವಿರದ ಅಂದಾಜನ್ನು ಬರೆದುಕೊಟ್ಟನು. ಹಳೆಯದೆಲ್ಲ ಕೆಟ್ಟಿರಬೇಕೆಂಬ ನಿಯಮವಿಲ್ಲ. ಇದ್ದಿದ್ದರೆ ನಮ್ಮಂತಹವರ ಗತಿಯೇನು? ಇವರನ್ನು ದೂರಲಾರೆವು. ಪರೀಕ್ಷೆ ಮಾಡಿದ ಗಂಟೆಗೆ ಯಾರೂ ಹಣ ಕೊಡರು, ಪೆಟ್ಟಿಗೆ ಮಾರಿದರೆ ಲಾಭವುಂಟು. ಆದಕಾರಣ ಪರೀಕ್ಷೆಯೇ ಆ ವೃತ್ತಿಯಿಂದ ಮಾಯವಾಗುತ್ತಿದೆ.

ಅಂದು ಸಂಜೆ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ನಾವೇ ಕುಳಿತೆವು. ಯಾವುದು ಇದ್ದರೆ ಯಾವುದು ಇರುವುದೋ ಅದು ಅನ್ವಯ. ಯಾವುದು ಇಲ್ಲದಿದ್ದರೆ ಯಾವುದು ಇಲ್ಲವೋ ಅದು ವ್ಯತಿರೇಕ. ಇಷ್ಟನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವರು ನಾವು. ಎಂಜಿನು ನಿಲ್ಲಿಸಿ ಕೀಲಿ ಮಾತ್ರ ತಿರುಗಿಸಿದರೆ ಸ್ವರ ಶುದ್ಧ. ಎಂಜಿನು ನಡೆಸಿದರೆ ಕೂಗು. ಆದುದರಿಂದ ನಿಲಯದ ದೋಷವಲ್ಲ. ಬಾನುಲಿ ಬಿಟ್ಟು ಪೆನ್ ಡ್ರೈವಿನ ಹಾಡು ಹಾಕಿದರೂ ಕೂಗು; ಆದುದರಿಂದ ಗಾಳಿಯಲ್ಲಿ ಬಂದುದಲ್ಲ. ಧ್ವನಿಯ ತಿರುಗಣೆಯನ್ನು ಪೂರ್ತಿ ಇಳಿಸಿದರೂ ಕೂಗು ಹಾಗೆಯೇ. ಆದುದರಿಂದ ಅದು ಹಾಡಿನ ಜೊತೆಗೆ ಬರುವುದಲ್ಲ, ತಾನಾಗಿ ಹಿಂಬಾಗಿಲಿನಿಂದ ಬರುವುದು. ಮುಂದಿನ ದೀಪಗಳನ್ನು ಹೊತ್ತಿಸಿದರೆ ಹೆಚ್ಚಿತು. ದೀಪಕ್ಕೂ ಎಂಜಿನಿಗೂ ನಡುವೆ ಇರುವುದು ಆಲ್ಟರ್ನೇಟರು.

ಇದರ ಕೆಲಸವನ್ನು ಸ್ವಲ್ಪ ಹೇಳಬೇಕು. ಎಂಜಿನಿನ ಪಟ್ಟಿಯಿಂದ ತಿರುಗುತ್ತ ಅದು ಹಿಂದುಮುಂದಾಗಿ ಹರಿಯುವ ವಿದ್ಯುತ್ತನ್ನು ಹುಟ್ಟಿಸುವುದು. ಡಯೋಡುಗಳೆಂಬ ಬಾಗಿಲುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ, ಸುಮಾರು 14 ವೋಲ್ಟಿನಲ್ಲಿ, ಬ್ಯಾಟರಿಗೆ ಕಳುಹಿಸುವುವು. ಆದರೂ ಆ ಪ್ರವಾಹವು ಕೆರೆಯ ನೀರಿನಂತೆ ಸಮವಲ್ಲ. ಮೇಲೆ ಸಣ್ಣ ಅಲೆಗಳಿರುವುವು. ಎಂಜಿನು ವೇಗವಾದರೆ ಅಲೆಗಳೂ ಒತ್ತಾಗುವುವು. ಸ್ಟೀರಿಯೊವು ಗಾಡಿಯ ಕಬ್ಬಿಣದ ಮೈಗೆ ಚೆನ್ನಾಗಿ ಬೆಸೆದಿದ್ದರೆ ಈ ಅಲೆಗಳು ಕಿವಿಗೆ ಬೀಳವು. ಬೆಸುಗೆ ಸಡಿಲಿದರೆ ಕಿರುಚುವುವು.

ಮರುದಿನ ಹಿಂದೂಪುರದ ರಸ್ತೆಯಲ್ಲಿ ಗಾಡಿಗಳ ವಿದ್ಯುತ್ ಕೆಲಸ ಮಾಡುವ, ಹಿಂದೆ ನಮ್ಮಲ್ಲಿ ಓದಿದ ಹುಡುಗನನ್ನು ಕರೆಯಿಸಿದೆವು. ಶಬ್ದರೂಪಗಳಲ್ಲಿ ಅವನಿಗೆ ಎಂದೂ ಹತ್ತಕ್ಕೆ ನಾಲ್ಕು ದಾಟಿರಲಿಲ್ಲ. ನಮ್ಮ ಅನ್ವಯವ್ಯತಿರೇಕಗಳನ್ನೆಲ್ಲ ಅವನು ತಾಳ್ಮೆಯಿಂದ ಕೇಳಿ, ಡ್ಯಾಷ್‌ಬೋರ್ಡಿನ ಹಿಂದೆ ಕೈ ತೂರಿಸಿ ಆ್ಯಂಟೆನಾದ ತಂತಿಯನ್ನು ಕಿತ್ತನು. ಪೆನ್ ಡ್ರೈವಿನಲ್ಲಿ ಹಾಡುತ್ತಿದ್ದ ಸ್ಟೀರಿಯೊ ತಟಕ್ಕನೆ ನಂದಿಹೋಯಿತು! ಹಾಡಿಗೂ ಆ್ಯಂಟೆನಾಕ್ಕೂ ಸಂಬಂಧವೇನು? ಹುಡುಗನು ನಕ್ಕು, “ಅರ್ಥ್ ಇಲ್ಲ ಸಾರ್, ಬರೀ ಶಬ್ದ” ಎಂದನು. ಭೂಮಿಯೆಂಬರ್ಥದ ಇಂಗ್ಲಿಷ್ ಮಾತು ನಮ್ಮ ಕಡೆಯವರ ಬಾಯಲ್ಲಿ ಅರ್ಥವೇ ಆಗಿ ಹೋಗುವುದು. ಶಬ್ದಾರ್ಥಗಳ ಸಂಬಂಧದ ಮೇಲೆ ವೈಯಾಕರಣರು ಬರೆದುದೆಲ್ಲ ಒಂದು ಕ್ಷಣ ಕಣ್ಣ ಮುಂದೆ ಸುಳಿಯಿತು.

ನಡೆದುದಿಷ್ಟು. ಸ್ಟೀರಿಯೊದಿಂದ ಗಾಡಿಯ ಮೈಗೆ ಹೋಗುವ ಕಪ್ಪು ತಂತಿಯನ್ನು ಮೊದಲು ಕೂಡಿಸಿದವನು ಬಣ್ಣದ ಮೇಲೆಯೇ ತಿರುಪು ಬಿಗಿದಿದ್ದನು. ಹೊಲದ ದಾರಿಯ ಕುಲುಕಾಟಕ್ಕೆ ತಿರುಪು ಸಡಿಲಿ, ತುಕ್ಕು ಹತ್ತಿ, ಸಂಪರ್ಕವೇ ಹೋಗಿದ್ದಿತು. ಮರಳುವ ದಾರಿ ಕಾಣದ ವಿದ್ಯುತ್ತು ಆ್ಯಂಟೆನಾ ತಂತಿಯ ಹೊರಗವಚವನ್ನು ಹಿಡಿದು, ಎಂಜಿನಿನ ಅಲೆಗಳನ್ನೂ ಹೊತ್ತುಕೊಂಡು ಹೋಗುತ್ತಿದ್ದಿತು. ಶಬ್ದವು ಆಕಾಶದ ಗುಣವಾದರೂ ಅದರ ದೋಷವು ಪೃಥಿವಿಯಲ್ಲಿದ್ದಿತು.

ಹುಡುಗನು ದಪ್ಪನೆಯ ಹೊಸ ತಂತಿಯನ್ನು ತಂದು, ಬಣ್ಣವನ್ನು ಮರಳುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲುಳ್ಳ ವಾಷರು ಹಾಕಿ ಬಿಗಿದು, ಮೇಲೆ ಗ್ರೀಸು ಸವರಿದನು. ಅರ್ಧ ಗಂಟೆಯ ಕೆಲಸ. ಸಾಮಾನಿನ ಬೆಲೆ ನೂರು ರೂಪಾಯಿಗೂ ಒಳಗೆ. ಕೂಲಿಯನ್ನು ಬೇಡವೆಂದನು, ಬಲವಂತದಿಂದ ಕೊಟ್ಟೆವು. ವಾಚಕರ ಗಾಡಿಯಲ್ಲಿಯೂ ಎಂಜಿನಿನೊಡನೆ ಏರಿಳಿಯುವ ಕೂಗಿದ್ದರೆ, ಹೊಸ ಪೆಟ್ಟಿಗೆಗೆ ಹಣ ಎಣಿಸುವ ಮುನ್ನ ಈ ತಂತಿಯನ್ನು ನೋಡಿಸತಕ್ಕದ್ದು. ತಂತಿಗಳನ್ನು ಮುಟ್ಟುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಸುವುದನ್ನು ಮರೆಯಬಾರದು.

ತಾಯಿಯವರು ಮುಂದಿನ ಸೋಮವಾರ ಹೊರಟರು. ಹೊರಡುವಾಗ ಹಸುವೊಂದು ಅಡ್ಡ ನಿಂತು ಸ್ವಲ್ಪ ಹೊತ್ತಾಗಿದ್ದಿತು. ಚಿಂತನ ಮುಗಿಯಿತು, ಸಂಸ್ಕೃತ ವಾರ್ತೆ ಆರಂಭವಾಗಿ ಮುಗಿಯಿತು. ಕಂಬಿಯನ್ನು ಬಿಟ್ಟು ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದವರು ಹುಬ್ಬು ಗಂಟಿಕ್ಕಿ, “ವಾರ್ತೆಯೇ ಆಗಿಹೋಯಿತು, ಇನ್ನೂ ಪುರವರ ಬರಲಿಲ್ಲ. ಇವನು ನಿದ್ದೆ ಮಾಡ್ತಿದಾನೋ, ಗಾಡಿ ಓಡಿಸ್ತಿದಾನೋ?” ಎಂದು ಮೊಮ್ಮಗನನ್ನು ಗದರಿಸಿದರು.