ಇದು ಯಾರ ಸೀರಿ?

ಕ್ವಿಲ್ಟ್ ಬಟ್ಟೆಯ ಅಂಗಡಿಗೆ ಹಸಿದ ಹೊಟ್ಟೆಯಲ್ಲಿ ಹೋಗಬಾರದು. ಅಲ್ಲಿನ ಸಾಮಾನುಗಳ ಹೆಸರುಗಳೇ ಹಾಗಿವೆ. 2.5 ಇಂಚು ಅಗಲದ ನಲವತ್ತು ಚಿಲ್ಲರೆ ಪಟ್ಟಿಗಳನ್ನು ಸುರುಳಿ ಸುತ್ತಿ ರಿಬ್ಬನ್ ಬಿಗಿದರೆ ಅದು ‘ಜೆಲ್ಲಿ ರೋಲ್’. ಪಟ್ಟಿಯ ಅಗಲ 1.5 ಇಂಚಾದರೆ ‘ಹನಿ ಬನ್’. 10 ಇಂಚಿನ ಚೌಕಗಳನ್ನು ಒಂದರ ಮೇಲೊಂದು ಪೇರಿಸಿದರೆ ‘ಲೇಯರ್ ಕೇಕ್’. ಅಂಚುಗಳನ್ನು ಹಲ್ಲುಹಲ್ಲಾಗಿ ಕತ್ತರಿಸಿರುತ್ತಾರಾದ್ದರಿಂದ, ಮೇಲಿನಿಂದ ನೋಡಿದರೆ ನಿಜಕ್ಕೂ ಬೇಕರಿಯ ಗಾಜಿನ ಕಪಾಟಿನಲ್ಲಿಟ್ಟ ತಿಂಡಿಯ ಹಾಗೆಯೇ ಕಾಣುತ್ತವೆ. ನಾನಿರುವ ಮಿಸ್ಸೋರಿಯ ಸಣ್ಣ ಊರಿನ ಅಂಗಡಿಯಲ್ಲಿ ಮೊದಲ ಸಲ ಇವನ್ನು ನೋಡಿದಾಗ, ತಿನ್ನಲಾಗದ ವಸ್ತುವಿನ ಮುಂದೆ ಇಷ್ಟು ಹೊತ್ತು ನಿಂತದ್ದು ನನಗೇ ಸೋಜಿಗವಾಗಿತ್ತು.

ಇವಕ್ಕೆಲ್ಲ ಒಟ್ಟಾರೆ ಹೆಸರು ಪ್ರೀಕಟ್. ಅಂದರೆ ಕತ್ತರಿಸುವ ಕೆಲಸವನ್ನು ಕಾರ್ಖಾನೆಯೇ ಮುಗಿಸಿ ಕೊಟ್ಟ ಬಟ್ಟೆ. ಒಬ್ಬ ವಿನ್ಯಾಸಕಿ ಒಂದು ಋತುವಿಗೆಂದು ಮೂವತ್ತು ನಲವತ್ತು ಚಿತ್ತಾರಗಳನ್ನು ಮಾಡಿರುತ್ತಾಳೆ. ಹೂವು, ಚುಕ್ಕಿ, ಚೌಕಳಿ, ನಡುವೆ ಒಂದೆರಡು ನರಿಯೋ ಹಕ್ಕಿಯೋ. ಅಷ್ಟರಲ್ಲೂ ಒಂದೊಂದು ತುಂಡು ತೆಗೆದು ಕಟ್ಟಿದರೆ ಒಂದು ಕಟ್ಟು. ಮೋಡಾ ಎಂಬ ಅಮೆರಿಕದ ಕಂಪನಿ 2006ರ ಸುಮಾರಿಗೆ ಜೆಲ್ಲಿ ರೋಲ್ ಮಾರತೊಡಗಿದ ಮೇಲೆ ಈ ಕಟ್ಟುಗಳದೇ ಒಂದು ಲೋಕವಾಯಿತು. ಕಾರಣ ಸರಳ. ಸಾವಿರಾರು ಥಾನುಗಳ ನಡುವೆ ನಿಂತ ಹೊಸಬರಿಗೆ ಹೊಲಿಗೆಗಿಂತ ದೊಡ್ಡ ಭಯ ಬಣ್ಣದ್ದು. ಈ ಹಸಿರಿನ ಪಕ್ಕ ಆ ಕೆಂಪು ಕೂತೀತೆ, ಜಗಳವಾಡೀತೆ? ಕಟ್ಟಿನೊಳಗೆ ಆ ಚಿಂತೆಯಿಲ್ಲ. ಯಾವುದನ್ನು ಯಾವುದರ ಪಕ್ಕ ಇಟ್ಟರೂ ಒಗ್ಗುತ್ತದೆ. ಗಜದ ಲೆಕ್ಕಕ್ಕೆ ಸಾಮಾನ್ಯವಾಗಿ ತುಟ್ಟಿಯೇ. 40 ಪಟ್ಟಿಗಳ ಅಗಲ ಕೂಡಿಸಿದರೂ ಮೂರು ಗಜ ಬಟ್ಟೆಯಾಗುವುದಿಲ್ಲ. ಆದರೆ ನಾವು ಕೊಡುವ ದುಡ್ಡು ಬಟ್ಟೆಗಿಂತ ಹೆಚ್ಚಾಗಿ ಆ ಧೈರ್ಯಕ್ಕೆ.

ನನ್ನ ಮೊದಲ ಕ್ವಿಲ್ಟ್ ಆದದ್ದು ಜೆಲ್ಲಿ ರೋಲ್‌ನಿಂದಲೇ. ಊರಿನ ಹೊಲಿಗೆ ಸಂಘದ ಹಿರಿಯರೊಬ್ಬರು ಅದರ ಆಟವೊಂದನ್ನು ಕಲಿಸಿದರು. ಗಣಿತ ಇಷ್ಟಪಡುವವರಿಗೆ ಅದು ಹಬ್ಬ. 40 ಪಟ್ಟಿಗಳನ್ನು ತುದಿಗೆ ತುದಿ ಕೂಡಿಸಿದರೆ ಸುಮಾರು 1600 ಇಂಚಿನ ಒಂದೇ ಪಟ್ಟಿ. ಅದನ್ನು ಅರ್ಧಕ್ಕೆ ಮಡಚಿ ಉದ್ದಕ್ಕೂ ಹೊಲಿದರೆ 800 ಇಂಚು ಉದ್ದ, ಎರಡು ಪಟ್ಟಿ ಅಗಲ. ಮತ್ತೆ ಮಡಚಿದರೆ 400 ಇಂಚು, ನಾಲ್ಕು ಪಟ್ಟಿ. ಹೀಗೆ 200ಕ್ಕೆ ಎಂಟು, 100ಕ್ಕೆ ಹದಿನಾರು, 50ಕ್ಕೆ ಮೂವತ್ತೆರಡು. ಹೊಲಿಗೆಯ ಒಳಗೆ ಹೋದದ್ದನ್ನು ಕಳೆದು ಪಟ್ಟಿಗೆ 2 ಇಂಚು ಉಳಿದರೆ, ಐದೇ ಮಡಿಕೆಗೆ 50 ಇಂಚು, 64 ಇಂಚಿನ ಹೊದಿಕೆಯ ಮೇಲ್ಮೈ ತಯಾರು. ಮೊದಲ ಮಡಿಕೆಯ ಹೊಲಿಗೆ ಮಾತ್ರ ಹೆಚ್ಚುಕಡಿಮೆ ಒಂದು ಕ್ರಿಕೆಟ್ ಪಿಚ್ಚಿನಷ್ಟು ಉದ್ದ. ಮುಗಿಯುವುದೇ ಇಲ್ಲವೇನೋ ಅನಿಸುತ್ತದೆ. (ಒಳಗೆ ಹಾಕುವ ಹತ್ತಿಯ ಹಾಳೆಗೆ ಇವರು ‘ಬ್ಯಾಟಿಂಗ್’ ಅನ್ನುತ್ತಾರೆಂದು ತಿಳಿದ ಮೇಲಂತೂ ನನ್ನ ಗಂಡ ಈ ಹವ್ಯಾಸವನ್ನು ಸ್ವಲ್ಪ ಗೌರವದಿಂದ ನೋಡತೊಡಗಿದ.)

ಕತ್ತರಿಸುವ ಕೆಲಸ ಇಲ್ಲ ಅಂದಮಾತ್ರಕ್ಕೆ ಇದು ಸೋಮಾರಿಗಳ ಕೆಲಸವಲ್ಲ. ಹೊಲಿಗೆ ಅಂಚಿನಿಂದ ಸರಿಯಾಗಿ ಕಾಲು ಇಂಚಿನಲ್ಲಿ ಓಡಬೇಕು. ಹನ್ನೆರಡು ಚೌಕಗಳ ಸಾಲಿನಲ್ಲಿ ಹನ್ನೊಂದು ಹೊಲಿಗೆ. ಪ್ರತಿ ತುಂಡಿನಲ್ಲಿ ಒಂದು ಇಂಚಿನ ಹದಿನಾರನೆಯ ಒಂದು ಪಾಲು ಒಳಗೆ ಜಾರಿದರೂ ಸಾಲಿನ ಕೊನೆಗೆ ಒಂದೂಕಾಲು ಇಂಚಿಗೂ ಮಿಕ್ಕಿ ಕಾಣೆಯಾಗಿರುತ್ತದೆ. ಹಲ್ಲಿನ ಅಂಚಿನದು ಇನ್ನೊಂದು ಫಜೀತಿ. ಅಳತೆ ಹಲ್ಲಿನ ತುದಿಯಿಂದಲೋ ಬುಡದಿಂದಲೋ ಎಂದು ಪ್ರತಿ ಕಟ್ಟಿಗೂ ಸ್ಕೇಲ್ ಇಟ್ಟು ನೋಡಿಕೊಳ್ಳಬೇಕು. ಮೊದಲೇ ಒಗೆಯುವ ಹಾಗೂ ಇಲ್ಲ. ಸಣ್ಣ ತುಂಡುಗಳು ಎಳೆ ಬಿಚ್ಚಿಕೊಂಡು, ಮುದುಡಿಕೊಂಡು ಹೊರಬರುತ್ತವೆ. ಆದ್ದರಿಂದ ಕೆಂಪು ಬಣ್ಣ ಬಿಡುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಎಲ್ಲ ಮುಗಿದು, ಮೊದಲ ಸಲ ನೀರಿಗೆ ಹಾಕಿದ ದಿನ.

ಫೋನಿನಲ್ಲಿ ಇದನ್ನೆಲ್ಲ ಅವ್ವನಿಗೆ ವಿವರಿಸಿದ್ದೆ. ಆಗಿನ್ನೂ ಅವಳು ಚೆನ್ನಾಗಿದ್ದಳು. ಪೂರ್ತಿ ಕೇಳಿಸಿಕೊಂಡು, “ಹೊಸಾ ಅರಿವಿ ಕತ್ತರಿಸಿ ಮತ್ತ ಹೊಲಿಯೂದು ಅಂದ್ರ ಏನವಾ? ಅಲ್ಲಿ ಹಳೀ ಅರಿವಿ ಸಿಗೂದಿಲ್ಲೇನು?” ಅಂದಳು.

ಅವಳ ಪ್ರಶ್ನೆಯ ಹಿಂದೆ ನಮ್ಮ ಮನೆಯ ಕೌದಿಗಳಿದ್ದವು. ನಮ್ಮದು ಬಾಗಲಕೋಟೆ ಜಿಲ್ಲೆ. ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ಕೌದಿ ಹೊಲಿಯುವ ಹೆಂಗಸರು ಓಣಿಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ನಾಲ್ಕೂ ಅಂಚಿಗೆ ಕೂತು ಉದ್ದ ಸೂಜಿಯಲ್ಲಿ ಸಾಲು ಹಿಡಿದು ಹೊಲಿಯುವರು. ಕೂಲಿಯ ಚೌಕಾಸಿ ಒಂದು ತಾಸು, ಹೊಲಿಗೆ ಕೆಲವು ದಿನ. ದಸರೆಯ ಮುಂಚೆ ಹಾಸಿಗೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವಾಗ ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕು. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ನೀರಿಗೆ.

ಆ ಕೌದಿಗಳು ನಮಗೆ ವಂಶಾವಳಿಯೂ ಆಗಿದ್ದವು. ಜ್ವರ ಬಂದು ಮಲಗಿದಾಗ ಅವ್ವ ಪಕ್ಕದಲ್ಲಿ ಕೂತು ಒಂದೊಂದೇ ತುಂಡು ಮುಟ್ಟಿ ಹೇಳುವಳು. ಇದು ಅಜ್ಜಿಯ ಇಳಕಲ್ಲ ಸೀರೆ, ಇದು ಬಾದಾಮಿ ಅತ್ತಿಯದು, ಇದು ಗದಗ ದೊಡ್ಡವ್ವನ ಕುಪ್ಪಸದ್ದು. ಎಲ್ಲದರ ನಡುವೆ ಸಾಸಿವೆ ಬಣ್ಣದ ಒಂದು ಟೆರಿಲಿನ್ ತುಂಡಿತ್ತು, ಕಾಕಾನ ಅಂಗಿಯದು. ಯಾವುದಕ್ಕೂ ಹೊಂದದ, ಬೇಸಿಗೆಯಲ್ಲಿ ಮೈಗೆ ಅಂಟುವ, ಯಾರಿಗೂ ಬೇಡವಾದ ತುಂಡು. ಅಂಗಿ ಇತ್ತು, ಹಾಗಾಗಿ ಕೌದಿಗೆ ಬಂತು, ಅಷ್ಟೆ. ಪ್ರೀಕಟ್ ಕಟ್ಟಿನಲ್ಲಿ ನನಗೆ ಕಾಣುವ ಕೊರತೆ ಇದೊಂದೇ: ಅದರಲ್ಲಿ ಕಾಕಾನ ಅಂಗಿ ಇಲ್ಲ.

ಇಷ್ಟು ಹೇಳಿದ ಕೂಡಲೇ ನನ್ನ ಕೆಲವು ಗೆಳತಿಯರು ಹುರುಪಾಗುತ್ತಾರೆ. ಕೌದಿಗೆ ಆತ್ಮವಿದೆ, ಅಮೆರಿಕದ ಕಟ್ಟಿಗೆ ಇಲ್ಲ ಎಂದು ತೀರ್ಪು ಕೊಡುತ್ತಾರೆ. ನನಗೆ ಈ ಮಾತು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಅಮೆರಿಕದ ಮೊದಲ ಕ್ವಿಲ್ಟುಗಳು ಚಿಂದಿಯಿಂದ ಹುಟ್ಟಿದವಲ್ಲ. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಅನುಕೂಲಸ್ಥರು ಅದಕ್ಕೆಂದೇ ಕೊಂಡ ಬಟ್ಟೆಯಲ್ಲಿ ಮಾಡಿಸಿದವು. 19ನೇ ಶತಮಾನದಲ್ಲಿ ಗಿರಣಿಗಳು ಅಚ್ಚಿನ ಹತ್ತಿಬಟ್ಟೆಯನ್ನು ಅಗ್ಗ ಮಾಡಿದ ಮೇಲೆಯೇ ತುಂಡು ಜೋಡಿಸುವ ಕ್ವಿಲ್ಟ್ ಮನೆಮನೆಗೆ ಬಂದದ್ದು. 1930ರ ದಶಕದ ಬರಗಾಲದಂಥ ದಿನಗಳಲ್ಲಿ ಹಿಟ್ಟಿನ ಮತ್ತು ದನದ ಮೇವಿನ ಕಂಪನಿಗಳು ತಮ್ಮ ಚೀಲಗಳ ಮೇಲೆ ಹೂವಿನ ಅಚ್ಚು ಹಾಕತೊಡಗಿದವು. ಚೀಲ ಬಿಚ್ಚಿ ಹೆಂಗಸರು ಫ್ರಾಕು ಹೊಲಿಯುತ್ತಾರೆ, ಉಳಿದದ್ದು ಕ್ವಿಲ್ಟಿಗೆ ಹೋಗುತ್ತದೆ ಎಂದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಅಲಬಾಮಾದ ಜೀಸ್ ಬೆಂಡ್‌ನ ಕಪ್ಪು ಹೆಂಗಸರ ಕಥೆ ಇನ್ನೂ ಚೆನ್ನಾಗಿದೆ. ಹೊಲದ ಕೆಲಸದ ಹಳೆಯ ಪ್ಯಾಂಟು, ಅಂಗಿಗಳಿಂದ ಅವರು ಕ್ವಿಲ್ಟ್ ಮಾಡುತ್ತಿದ್ದರು. ನಾಗರಿಕ ಹಕ್ಕುಗಳ ಚಳವಳಿಯ ನಡುವೆ, 1966ರಲ್ಲಿ, ಆ ಸೀಮೆಯಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಹುಟ್ಟಿತು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಗವಸು ಹೊಲಿದುಕೊಡುವ ಗುತ್ತಿಗೆ ಸಿಕ್ಕಿತು. ಎಲ್ಲವೂ ಒಂದೇ ಅಳತೆ, ಒಂದೇ ನಮೂನೆ. ಕತ್ತರಿಸಿ ಉಳಿದ ಕಾರ್ಡುರಾಯ್ ತುಂಡುಗಳು ಮನೆಗಳಿಗೆ ಹೋದವು. ಯಾವ ಅಜ್ಜಿಯೂ ಉಡದ, ಯಾವ ಕಾಕಾನೂ ತೊಡದ ಆ ಕಾರ್ಖಾನೆಯ ಚೂರುಗಳಿಂದಲೇ ಅವರು ಮಾಡಿದ ಕ್ವಿಲ್ಟುಗಳು ಇಂದು ಅವರ ಕೆಲಸದಲ್ಲೇ ಎದ್ದು ಕಾಣುವಂಥವು. 2002ರಲ್ಲಿ ಜೀಸ್ ಬೆಂಡ್ ಕ್ವಿಲ್ಟುಗಳು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು.

ಇನ್ನು ನಮ್ಮ ಕಡೆ ಪ್ರೀಕಟ್ ಇಲ್ಲವೆಂದು ಯಾರು ಹೇಳಿದರು? ಗುಳೇದಗುಡ್ಡದ ಖಣವನ್ನು ನೆನೆಯಿರಿ. ಒಂದು ಕುಪ್ಪಸಕ್ಕೆ ಸರಿಯಾಗುವಷ್ಟು ಕತ್ತರಿಸಿ, ಮಡಿಕೆ ಹಾಕಿ ಇಟ್ಟ ಬಟ್ಟೆ. ಉಡಿ ತುಂಬಿದಾಗ, ಮದುವೆ ಸೀಮಂತಗಳಲ್ಲಿ ಮನೆಯಿಂದ ಮನೆಗೆ ಓಡಾಡುತ್ತದೆ. ಎಲ್ಲವನ್ನೂ ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿ ಕೂತು, ಮುಂದಿನ ಮುತ್ತೈದೆಯ ಉಡಿ ಸೇರಿ, ನಾಲ್ಕು ವರ್ಷದ ಮೇಲೆ ಮಡಿಕೆಯೂ ಬಿಚ್ಚದೆ ಹೊರಟ ಮನೆಗೇ ವಾಪಸಾದ ಖಣಗಳು ನನಗೆ ಗೊತ್ತು. ಇಲ್ಲಿಯ ‘ಚಾರ್ಮ್ ಪ್ಯಾಕ್’ ಎಂಬ 5 ಇಂಚಿನ ಚೌಕಗಳ ಕಟ್ಟಿನ ಹೆಸರಿನಲ್ಲೂ ಇಂಥದೇ ಓಡಾಟ ಅಡಗಿದೆ. 19ನೇ ಶತಮಾನದ ಕೊನೆಯಲ್ಲಿ ಹುಡುಗಿಯರು ‘ಚಾರ್ಮ್ ಕ್ವಿಲ್ಟ್’ ಮಾಡುತ್ತಿದ್ದರು. ಇಡೀ ಹೊದಿಕೆಯಲ್ಲಿ ಒಂದೇ ಬಟ್ಟೆ ಎರಡು ಸಲ ಬರಬಾರದು. ಅಷ್ಟು ಬಗೆಯ ತುಂಡುಗಳನ್ನು ಗೆಳತಿಯರಿಂದ, ನೆಂಟರಿಂದ ಬೇಡಿ, ಬದಲಿಸಿಕೊಂಡು ಕೂಡಿಸುತ್ತಿದ್ದರು. ಈಗ ಗೆಳತಿಯರನ್ನು ಬೇಡುವ ಕೆಲಸವನ್ನು ಕಾರ್ಖಾನೆ ತಪ್ಪಿಸಿದೆ.

ಎರಡು ವರ್ಷದ ಹಿಂದೆ ಅವ್ವನಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದರು. ಮೊದಲು ಹೋದದ್ದು ಹೆಸರುಗಳು. ಹಳೆಯ ಕೌದಿ ಅಷ್ಟು ಹೊತ್ತಿಗೆ ಒಗೆಯಲಾರದಷ್ಟು ಜೀರ್ಣವಾಗಿತ್ತು. ಅವಳೂ ಅದರ ಭಾರ ತಾಳದಷ್ಟು ಬಡವಾಗಿದ್ದಳು. ಕಾಲ ಮೇಲೆ ಹಾಕಿಕೊಳ್ಳಲು ಹಗುರವಾದದ್ದೊಂದು ಇರಲಿ ಎಂದು ನಾನು ಒಂದೇ ನಮೂನೆಯ ಎರಡು ಚಾರ್ಮ್ ಪ್ಯಾಕ್ ತಂದೆ. ಕಟ್ಟಿಗೆ 42ರಂತೆ 84 ಚೌಕ. ಒಂಬತ್ತರ ಒಂಬತ್ತು ಸಾಲಿಗೆ 81 ಬಳಸಿದೆ. ಹೊಲಿದ ಮೇಲೆ ಚೌಕ 4.5 ಇಂಚು, ಒಟ್ಟು 40.5 ಇಂಚು, ಸುತ್ತ ನೀಲಿ ಪಟ್ಟಿ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಒಂದೊಂದು ಚೂರು ಸೇರಿಸಿದೆ. ಅದು ಉತ್ತರ ಕನ್ನಡದ ಸಿದ್ಧಿ ಹೆಂಗಸರ ಪದ್ಧತಿ. ಅವರು ತಮ್ಮ ಕವಂದಿಯನ್ನು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹೊಲಿಯುತ್ತ ಹೋಗುತ್ತಾರೆ. ಮೂಲೆಯ ಆ ಮಡಿಕೆಗೆ ‘ಫೂಲ’ ಎನ್ನುತ್ತಾರೆ, ಅದಿಲ್ಲದ ಹೊದಿಕೆ ಅವರ ಲೆಕ್ಕದಲ್ಲಿ ಬೆತ್ತಲೆ.

ಊರಿಗೆ ಹೋದಾಗ ಅದನ್ನು ಅವಳ ತೊಡೆಯ ಮೇಲೆ ಹಾಸಿದೆ. ಬಹಳ ಹೊತ್ತು ಸವರಿದಳು. ಆಮೇಲೆ ಒಂದು ಚೌಕದ ಮೇಲೆ ಬೆರಳಿಟ್ಟು, “ಇದು ಯಾರ ಸೀರಿ?” ಅಂದಳು.

ಯಾರದೂ ಅಲ್ಲ ಅನ್ನಲು ಬಾಯಿ ಬರಲಿಲ್ಲ. ನಾನು ಸುಮ್ಮನಿದ್ದೆ. ಅವಳು ಕಾಯಲೂ ಇಲ್ಲ. “ನಿಮ್ಮ ಬಾದಾಮಿ ಅತ್ತೀದು,” ಅಂದಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಲ್ಲಿ ಆ ಅತ್ತಿಯ ಮಾತು ಬಂದದ್ದು. ಎರಡು ಸಾಲು ಕೆಳಗೆ ಅದೇ ಹೂವಿನ ಇನ್ನೊಂದು ಚೌಕ ಕಂಡಿತು. ಒಂದೇ ನಮೂನೆಯ ಎರಡು ಕಟ್ಟು ತಂದರೆ ಪ್ರತಿ ಚಿತ್ತಾರ ಎರಡು ಸಲ ಬರುತ್ತದಲ್ಲ. “ಇದು ದೊಡ್ಡವ್ವಂದು. ಇಬ್ಬರೂ ಒಂದ ಥಾನಿನ್ಯಾಗ ತಗೊಂಡಾರ ನೋಡು. ಜೋಡೀಲೆ ಪ್ಯಾಟಿಗೆ ಹೋಗಿದ್ರು.” ಇಂಗ್ಲಿಷ್ ಅಕ್ಷರಗಳನ್ನು ಪತ್ರಿಕೆಯ ಹಾಗೆ ಅಚ್ಚು ಹಾಕಿದ ಒಂದು ಚೌಕವಿತ್ತು. ಅದರ ಮೇಲೆ ಬೆರಳು ತುಸು ಹೆಚ್ಚು ಹೊತ್ತು ನಿಂತಿತು. “ಇದು ನಿಮ್ಮಪ್ಪಾರದು. ಎಷ್ಟ ಓದ್ತಾರ ನೋಡು.”

ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಬೆಳಗಿನ ಪತ್ರಿಕೆಯನ್ನು ಕೊನೆಯ ಪುಟದ ಟೆಂಡರ್ ನೋಟಿಸಿನವರೆಗೆ ಓದುತ್ತಿದ್ದವರು.

ಈಗ ವೈನಿ ಒಂದು ವಹಿಯಲ್ಲಿ ಬರೆದಿಡುತ್ತಾಳೆ, ಯಾವ ಚೌಕ ಯಾರದೆಂದು. ದಿನದಿನಕ್ಕೆ ಬದಲಾಗುತ್ತದೆ. ನರಿಗಳಿರುವ ಚೌಕ ಒಮ್ಮೆ ಅಣ್ಣನ ಮಗನ ಅಂಗಿ, ಒಮ್ಮೆ ಯಾರೋ ಸೊಲ್ಲಾಪುರದಿಂದ ತಂದ ಚಾದರು. ಕೆಲವು ದಿನ ಏನೂ ಇಲ್ಲ, ಸುಮ್ಮನೆ ಮಡಚಿ ಬಿಚ್ಚುತ್ತಾಳೆ. ಅಪ್ಪನ ಚೌಕ ಮಾತ್ರ ಇದುವರೆಗೆ ಕೈ ಬದಲಾಯಿಸಿಲ್ಲ. ನನ್ನ ಹೆಸರು ಇನ್ನೂ ಎಲ್ಲಿಯೂ ಬಂದಿಲ್ಲ. ಬಳಸದೆ ಉಳಿದ ಮೂರು ಚೌಕ ಇಲ್ಲಿ ನನ್ನ ಹೊಲಿಗೆ ಡಬ್ಬಿಯಲ್ಲಿವೆ: ಒಂದು ಚುಕ್ಕಿಯದು, ಒಂದು ಚೌಕಳಿ, ಒಂದು ಕೆಂಪು ಹೂವಿನದು. ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಅವನ್ನು ಒಂದೊಂದಾಗಿ ಕ್ಯಾಮೆರಾದ ಮುಂದೆ ಹಿಡಿದು ಯಾರವೆಂದು ಕೇಳಬೇಕು.