ಹೇಳಿ ಹೋಗಬಾರದೇ?

ಡ್ಯಾನಿ ಬಾಯ್ಲ್ ೨೦೧೦ರಲ್ಲಿ ತೆಗೆದ ‘೧೨೭ ಅವರ್ಸ್’ ಚಿತ್ರದ ಬಗ್ಗೆ ನಮ್ಮ ಮನೆಯಲ್ಲೇ ಒಮ್ಮತವಿಲ್ಲ.

ಕಥೆ ನಿಜವಾದದ್ದು. ೨೦೦೩ರ ಏಪ್ರಿಲ್‌ನಲ್ಲಿ ಅಮೆರಿಕದ ಯೂಟಾದ ಕಣಿವೆಯೊಂದರಲ್ಲಿ ಆರನ್ ರಾಲ್‌ಸ್ಟನ್ ಎಂಬ ತರುಣನ ಬಲಗೈ ಜಾರಿದ ಬಂಡೆಗೆ ಸಿಕ್ಕಿಬಿತ್ತು. ಎಲ್ಲಿಗೆ ಹೊರಟೆನೆಂದು ಅವನು ಯಾರಿಗೂ ಹೇಳಿರಲಿಲ್ಲ. ಐದು ದಿನ ಕಳೆದ ಮೇಲೆ ಮೊಂಡು ಚಾಕುವಿನಿಂದ ತನ್ನ ಕೈಯನ್ನೇ ಕತ್ತರಿಸಿಕೊಂಡು ಹೊರಬಂದ.

ಮಗನಿಗೆ ಇದು ಧೈರ್ಯದ ಪರಾಕಾಷ್ಠೆ. ರೆಹಮಾನರ ಸಂಗೀತವನ್ನೂ ಕೊಂಡಾಡಿದ. ನನ್ನಾಕೆ ಕೈ ಕತ್ತರಿಸುವ ದೃಶ್ಯ ಬಂದೊಡನೆ ಎದ್ದು ಅಡುಗೆಮನೆ ಸೇರಿದಳು. ‘ಇಷ್ಟೆಲ್ಲ ತೋರಿಸಬೇಕಿತ್ತೇ?’ ಎಂಬುದು ಅವಳ ಆಕ್ಷೇಪ. ಪಕ್ಕದ ಮನೆಯ ರಾಯರು ಸಾಹಸವಲ್ಲ, ಬರೀ ಉದ್ಧಟತನ ಎಂದುಬಿಟ್ಟರು.

ನನ್ನನ್ನು ಕಾಡಿದವಳು ಅವನ ತಾಯಿ. ಮಗ ಕಾಣೆಯಾದನೆಂದು ತಿಳಿದು, ಅವನು ಹೋಗಿರಬಹುದಾದ ಜಾಗ ಪತ್ತೆಹಚ್ಚಲು ಆಕೆ ಪಟ್ಟ ಪಾಡೂ ಸೇರಿಯೇ ಅಂದು ಹೆಲಿಕಾಪ್ಟರ್ ಆ ಕಣಿವೆಯತ್ತ ಬಂದಿತ್ತು.

ನಮ್ಮಲ್ಲಿ ‘ಹೋಗುತ್ತೇನೆ’ ಅನ್ನುವ ವಾಡಿಕೆಯಿಲ್ಲ. ‘ಹೋಗಿ ಬರುತ್ತೇನೆ’ ಅನ್ನುತ್ತೇವೆ. ಊರು ಬಿಟ್ಟ ನಾವೆಲ್ಲ ಹಾಗೆ ಹೇಳಿಯೇ ಬಂದವರು. ಆ ಮಾತು ಕೇಳಿದವರು ಕಾಯುತ್ತಾರೆ, ಬಾರದಿದ್ದರೆ ಹುಡುಕುತ್ತಾರೆ.

ಮಗ ಬರುವ ತಿಂಗಳು ಸ್ನೇಹಿತರೊಡನೆ ಸಹ್ಯಾದ್ರಿಗೆ ಚಾರಣ ಹೊರಟಿದ್ದಾನೆ. ಬೇಡವೆನ್ನಲಿಲ್ಲ. ಯಾವ ಕೋಟೆ, ಯಾವ ದಾರಿ, ಎಂದು ವಾಪಸು, ಎಲ್ಲ ಬರೆದಿಟ್ಟು ಹೋಗಪ್ಪಾ ಎಂದಿದ್ದೇನೆ.