ಬಿಳಿಗಿರಿರಂಗನ ಬೆಟ್ಟದಿಂದ ಹನೂರಿನವರೆಗೆ

ಕಾಣದ ಊರನ್ನು ಕಾಣುವುದಕ್ಕಾಗಿ ಜನರು ಪ್ರವಾಸ ಹೋಗುವುದು ವಾಡಿಕೆ. ಕಳೆದ ಮಾಘಮಾಸದಲ್ಲಿ ನಾವು ಕೈಕೊಂಡ ಮೂರು ದಿನಗಳ ಪ್ರಯಾಣವು ಇದಕ್ಕೆ ತುಸು ಬೇರೆಯಾಯಿತು. ನಲವತ್ತು ವರ್ಷಗಳಿಂದ ನಮ್ಮ ಮನೆಯವರಾರೂ ಕಾಣದಿದ್ದ ಒಂದು ಮುಖವನ್ನು ಕಂಡು ನಾವು ಹಿಂದಿರುಗಿದೆವು. ಹೊರಡುವಾಗ ಈ ಸಂಗತಿಯ ಸುಳಿವೂ ನಮಗಿರಲಿಲ್ಲ. ಮಕ್ಕಳಿಗೆ ಆನೆ, ಕಾಟಿಗಳನ್ನು ಅವುಗಳ ಕಾಡಿನಲ್ಲಿಯೇ ತೋರಿಸಬೇಕು, ಯಳಂದೂರಿನಲ್ಲಿರುವ ಸೋದರತ್ತೆಯವರಿಗೆ ರಂಗನಾಥನ ದರ್ಶನ ಮಾಡಿಸಬೇಕು, ಇಷ್ಟೇ ನಮ್ಮ ಸಂಕಲ್ಪವಾಗಿತ್ತು.

ಮೈಸೂರಿನಿಂದ ಹೊರಟು, ತಿರುಮಕೂಡಲು ನರಸೀಪುರದ ಮಾರ್ಗವಾಗಿ ಮೊದಲು ಕೊಳ್ಳೇಗಾಲಕ್ಕೆ ಹೋದೆವು. ರೇಷ್ಮೆಗೆ ಹೆಸರಾದ ಈ ಊರು ನಮ್ಮ ತಂದೆಯವರು ಹುಟ್ಟಿದ ಊರು. ಅವರು ಆಡಿದ ಬೀದಿಯನ್ನು ಮಕ್ಕಳಿಗೆ ತೋರಿಸಿದೆವು. ಅಲ್ಲಿಂದ ಯಳಂದೂರಿಗೆ ಬಂದೆವು. ಅದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ದೊರೆತ ಊರು. ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲಿಯೇ ಕಡೆದು ಒಂದರೊಳಗೊಂದು ಕೋದಂತಿರುವ ಬಳೆಗಳನ್ನು ನೋಡಿ ಮಕ್ಕಳು ಬೆರಗಾದರು.

ಅತ್ತೆಯವರಿಗೆ ಈಗ ಎಂಬತ್ತೇಳು ವರ್ಷ. ಅವರು ಮದುವೆಯಾಗಿ ಯಳಂದೂರಿಗೆ ಬಂದಾಗ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿನದಾಗಿತ್ತು. ತವರು ಒಂದು ಸೀಮೆ, ಗಂಡನ ಮನೆ ಇನ್ನೊಂದು ಸೀಮೆ. 1956ರ ನವೆಂಬರಿನಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ಇದನ್ನು ಹೇಳುವಾಗಲೆಲ್ಲ ಅತ್ತೆಯವರು, “ಸರ್ಕಾರದವರು ಒಂದು ಗೆರೆ ಅಳಿಸಿದರು, ಮಗಾ. ನಿಮ್ಮಪ್ಪನೂ ಚಿಕ್ಕಪ್ಪನೂ ಇನ್ನೊಂದು ಎಳೆದರು” ಎನ್ನುವರು.

ಆ ಗೆರೆಯ ಕಥೆಯನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಅಣ್ಣತಮ್ಮಂದಿರು ಪಾಲಾದಾಗ ಬಾವಿಯು ತಂದೆಯವರ ಪಾಲಿಗೆ ಬಂದಿತು. ಬಾವಿಗೆ ಹೋಗುವ ಬದುವಿನ ದಾರಿಯು ಯಾರದೆಂದು ತೀರ್ಮಾನವಾಗಲಿಲ್ಲ. ಎರಡು ಮಾರು ಅಗಲದ ಆ ದಾರಿಗಾಗಿ ಮಾತು ಬೆಳೆದು, ಮಾತು ನಿಂತಿತು. ಚಿಕ್ಕಪ್ಪನವರು ತಮ್ಮ ಪಾಲನ್ನು ಮಾರಿ, ಹನೂರಿನ ಆಚೆ ಲೊಕ್ಕನಹಳ್ಳಿಯ ಕಡೆಯಲ್ಲಿದ್ದ ಚಿಕ್ಕಮ್ಮನ ತವರೂರಿಗೆ ಹೊರಟುಹೋದರು. ತಂದೆಯವರು ಮೈಸೂರಿಗೆ ಬಂದರು. ಹನ್ನೊಂದು ವರ್ಷಗಳ ಕೆಳಗೆ ತಂದೆಯವರು ತೀರಿಕೊಂಡಾಗ ನಾವು ಚಿಕ್ಕಪ್ಪನವರಿಗೆ ಹೇಳಿಕಳುಹಿಸಲಿಲ್ಲ. ‘ಬಾರದವರಿಗೆ ಹೇಳಿ ಏನು ಫಲ’ ಎಂದುಕೊಂಡೆವು. ಇದು ನಮ್ಮದೇ ತಪ್ಪು.

ಮರುದಿನ ಬೆಳಿಗ್ಗೆ ಅತ್ತೆಯವರನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟೆವು. ಒಣಗಿದ ಕುರುಚಲು ಕಾಡಿನಿಂದ ಮೊದಲಾಗುವ ದಾರಿಯು ಏರುತ್ತ ಏರುತ್ತ ಹಸುರಾಗುವುದು, ಗಾಳಿಯು ತಂಪಾಗುವುದು. ಈ ಕಾಡು 1974ರಲ್ಲಿ ಅಭಯಾರಣ್ಯವಾಯಿತು, 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತಾರಗೊಂಡಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಇಲ್ಲಿನ ಮೂಲನಿವಾಸಿಗಳಾದ ಸೋಲಿಗರು ತಮ್ಮ ಪೋಡುಗಳಲ್ಲಿ ವಾಸಿಸುವರು. ಅಭಯಾರಣ್ಯವಾದ ಮೇಲೆ ಒಳಕಾಡಿನ ಎಷ್ಟೋ ಸಂಸಾರಗಳು ಹಳೆಯ ನೆಲೆಗಳನ್ನು ಬಿಟ್ಟು ಹೊರಗೆ ಬರಬೇಕಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಅವರಿಗೆ ಸಾಮುದಾಯಿಕ ಹಕ್ಕುಗಳು ದೊರೆತುವು.

ಸೋಲಿಗರಿಗೆ ರಂಗನಾಥನು ಭಾವ. ಅವರ ಕುಲದ ಕುಸುಮಬಾಲೆ ಎಂಬ ಕನ್ಯೆಯನ್ನು ಸ್ವಾಮಿಯು ಮೋಹಿಸಿ ವರಿಸಿದನೆಂಬುದು ಅವರ ನಂಬುಗೆ. ಆದುದರಿಂದ ಜಾತ್ರೆಗೆ ಬರುವ ಸೋಲಿಗನು ಅಕ್ಕತಂಗಿಯರ ಮನೆಗೆ ಬಂದ ನಂಟನ ಸಲಿಗೆಯಿಂದಲೇ ಬರುವನು. ಸ್ವಾಮಿಯು ಕಾಡಿನಲ್ಲಿ ತಿರುಗುವಾಗ ಮೆಟ್ಟಿಕೊಳ್ಳಲೆಂದು ಭಕ್ತರು ಒಪ್ಪಿಸಿರುವ ಭಾರಿಯಾದ ಚರ್ಮದ ಪಾದುಕೆಗಳು ದೇವಾಲಯದಲ್ಲಿವೆ. ಅವುಗಳನ್ನು ತಲೆಗೆ ಮುಟ್ಟಿಸಿ ಹರಸುವುದು ಇಲ್ಲಿನ ಪದ್ಧತಿ. ಅತ್ತೆಯವರು ತಲೆಬಾಗಿ ಹರಕೆ ಪಡೆದು, “ದೇವರೇ ನಂಟಸ್ತನ ಬೇಕು ಅಂತ ಬಂದ. ನಮಗೇನು ಬಂತು?” ಎಂದರು. ಆ ಮಾತಿನ ಅರ್ಥವು ನಮಗೆ ಕೂಡಲೆ ಹೊಳೆಯಲಿಲ್ಲ.

ದೇವಾಲಯದ ಹೊರಗೆ, ಬಿಳಿಯ ಬಂಡೆಯ ಅಂಚಿನ ಗೋಡೆಯ ಬಳಿಯಲ್ಲಿ, ಒಬ್ಬ ವೃದ್ಧರು ಮೊಮ್ಮಗನ ಹೆಗಲನ್ನು ಹಿಡಿದು ನಿಂತಿದ್ದರು. ಪಂಚೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದ ಆ ರೀತಿಯನ್ನು ಕಂಡು ನಮ್ಮ ಎದೆ ಝಲ್ಲೆಂದಿತು; ತಂದೆಯವರು ನಿಲ್ಲುತ್ತಿದ್ದುದೂ ಹಾಗೆಯೇ. ಅತ್ತೆಯವರು ಅವರಿಗೂ ಹೇಳಿಕಳುಹಿಸಿದ್ದರು. ನಾವು ಬರುವುದನ್ನು ಮಾತ್ರ ಅವರಿಗೂ ತಿಳಿಸಿರಲಿಲ್ಲ. ಚಿಕ್ಕಪ್ಪನವರು ನಮ್ಮನ್ನು ನೋಡಿದರು, ಅಕ್ಕನನ್ನು ನೋಡಿದರು. “ಇವನು ಅಣ್ಣನ ಮಗನೋ?” ಎಂದು ಕೇಳಿದರು. ನಾವು ಕಾಲಿಗೆರಗಿದೆವು. ಬಹಳ ಹೊತ್ತಿನ ಮೇಲೆ ಅವರೆಂದರು: “ಅಣ್ಣ ಹೋದ ಸುದ್ದಿ ನನಗೆ ಗೂಡಿನ ಮಾರುಕಟ್ಟೆಯಲ್ಲಿ ತಿಳಿಯಿತಪ್ಪ. ಅಷ್ಟರಲ್ಲಿ ತಿಥಿಯೂ ಮುಗಿದಿತ್ತು. ಕಾವೇರಿಗೆ ಹೋಗಿ ಮುಳುಗಿ ಬಂದೆ.” ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದು ಮಧ್ಯಾಹ್ನ ಎಲ್ಲರೂ ಕ್ಯಾತದೇವರಾಯನ ಗುಡಿಗೆ ಹೋದೆವು. ಕೆ. ಗುಡಿಯೆಂದು ಕರೆಯುವ ಈ ತಾಣದಿಂದ ಬೆಳಿಗ್ಗೆ, ಸಂಜೆ ಪ್ರವಾಸಿಗಳನ್ನು ಜೀಪಿನಲ್ಲಿ ಕಾಡಿನೊಳಗೆ ಕರೆದೊಯ್ಯುವರು. ಅತ್ತೆಯವರು ನಮ್ಮ ಮನೆಯವರೊಡನೆ ಜಗಲಿಯಲ್ಲಿ ಉಳಿದರು. ತಮ್ಮನನ್ನು ಮಾತ್ರ ಒತ್ತಾಯದಿಂದ ಮಕ್ಕಳ ನಡುವೆ ಕುಳ್ಳಿರಿಸಿದರು. ಜಿಂಕೆಗಳ ಹಿಂಡನ್ನೂ, ಒಂದು ಕಡವೆಯನ್ನೂ, ಬಿಳಿಯ ಕಾಲುಚೀಲ ತೊಟ್ಟಂತಿದ್ದ ಮೂರು ಕಾಟಿಗಳನ್ನೂ ಕಂಡೆವು. ಹೊತ್ತು ಇಳಿಯುವ ವೇಳೆಗೆ ಚಾಲಕನು ತಟ್ಟನೆ ಗಾಡಿಯನ್ನು ನಿಲ್ಲಿಸಿ, ಮಾತಾಡಬೇಡಿರೆಂದು ಕೈಸನ್ನೆ ಮಾಡಿದನು.

ದೊಡ್ಡದೊಂದು ಹೆಣ್ಣಾನೆಯು ದಾರಿಗೆ ಅಡ್ಡಲಾಗಿ ನಿಂತಿತು. ಅದರ ಮರೆಯಲ್ಲಿ ಆರೇಳು ಆನೆಗಳು ದಾಟಿದುವು. ಎರಡು ಮರಿಗಳು ತಾಯಂದಿರ ಹೊಟ್ಟೆಯ ಕೆಳಗೇ ನಡೆದುವು. ಹಿರಿಯಾನೆಯಾದರೋ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದುಳಿದಿದ್ದ ಎಳೆಯ ಹೆಣ್ಣಾನೆಯೊಂದು ಬಿದಿರುಮೆಳೆಯಿಂದ ಓಡಿಬಂದು, ತನ್ನ ಸೊಂಡಿಲನ್ನು ಹಿರಿಯಾನೆಯ ಬಾಯಿಗೆ ಮುಟ್ಟಿಸಿತು. ಆಮೇಲೆ ಎರಡೂ ಹೊರಟುಹೋದುವು. ಸೋಲಿಗನಾದ ಚಾಲಕನು, “ಹೆಣ್ಣುಗಳು ತಾಯಿಯ ಗುಂಪನ್ನು ಬಿಡವು, ಸ್ವಾಮಿ. ಗಂಡುಗಳು ಹರೆಯಕ್ಕೆ ಬಂದಾಗ ಹೊರಟುಹೋಗುತ್ತವೆ” ಎಂದನು. ಚಿಕ್ಕಪ್ಪನವರು, “ನಮ್ಮ ಹಾಗೆಯೇ” ಎಂದು ಮೆಲ್ಲನೆ ನಕ್ಕರು. ಅವರು ನಕ್ಕುದನ್ನು ನಾವು ನೋಡಿದುದು ಅದೇ ಮೊದಲು.

ಆನೆಯು ನಂಟರನ್ನು ಮರೆಯುವುದಿಲ್ಲವೆಂಬುದು ಬರಿಯ ನುಡಿಗಟ್ಟಲ್ಲ. ಜರ್ಮನಿಯ ಹಾಲೆ ನಗರದ ಮೃಗಾಲಯಕ್ಕೆ 2020ರಲ್ಲಿ ಪೋರಿ ಎಂಬ ಆಫ್ರಿಕದ ಹೆಣ್ಣಾನೆಯನ್ನು ತಂದರು. ಅಲ್ಲಿ ಹನ್ನೆರಡು ವರ್ಷಗಳಿಂದ ಅಗಲಿದ್ದ ಮಗಳೂ, ಎಂದೂ ಕಾಣದಿದ್ದ ಮೊಮ್ಮಕ್ಕಳೂ ಅದಕ್ಕೆ ದೊರೆತರು. ಅಗಲಿದ್ದ ಹೆಣ್ಣಾನೆಗಳು ತಾಯಿಯ ಲದ್ದಿಯ ವಾಸನೆಯಿಂದಲೇ ಆಕೆಯನ್ನು ಗುರುತಿಸುವುವೆಂದು ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ಹೇಳಿದ್ದಾರೆ. ನಮ್ಮ ಈ ಬೆಟ್ಟಗಳ ಬುಡದಲ್ಲಿಯೇ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿಯು ಮೈಸೂರು ಸರ್ಕಾರಕ್ಕಾಗಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿದನು. ಹಾಗೆ ಸಿಕ್ಕಿ ಬೇರೆ ಬೇರೆ ಕಡೆಗೆ ಹೋದ ಆನೆಗಳು ಯಾರಾರನ್ನು ನೆನೆದುವೋ ಎಂದು ಅಂದು ರಾತ್ರಿ ನಮಗೆ ಅನ್ನಿಸಿತು.

ಮೂರನೆಯ ದಿನ ಚಿಕ್ಕಪ್ಪನವರ ಮನೆಗೆ ಹೋಗದೆ ಇರುವುದು ಸಾಧ್ಯವಿರಲಿಲ್ಲ. ಪುನಃ ಕೊಳ್ಳೇಗಾಲಕ್ಕೆ ಇಳಿದು, ಈಗ ಪ್ರತ್ಯೇಕ ತಾಲ್ಲೂಕಿನ ಕೇಂದ್ರವಾಗಿರುವ ಹನೂರಿನ ಸೀಮೆಯನ್ನು ಹೊಕ್ಕೆವು. ಈ ತಾಲ್ಲೂಕಿನಲ್ಲಿರುವ ಮಲೆಮಹದೇಶ್ವರನ ಬೆಟ್ಟಗಳು 2013ರಲ್ಲಿ ವನ್ಯಧಾಮವಾದುವು. ಅಲ್ಲಿನ ಹೂಗ್ಯಂ ಕಾಡಿನಲ್ಲಿ 2025ರ ಜೂನ್ ತಿಂಗಳಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದುವು. ಕಾಡಿಗೂ ಹೊಲಕ್ಕೂ ನಡುವಣ ಜಗಳವು ಅಣ್ಣತಮ್ಮಂದಿರ ಜಗಳದಂತೆಯೇ ಕ್ರೂರವಾದೀತು.

ಲೊಕ್ಕನಹಳ್ಳಿಯ ಆಚೆಗೆ, ಹೊಲಗಳ ನಡುವೆ ಒಂದು ಕಡೆ ಕಿರಿದಾದ ಕಾಡು ರಸ್ತೆಯನ್ನು ದಾಟುವುದು. ಯಡೆಯಾರಹಳ್ಳಿ–ದೊಡ್ಡಸಂಪಿಗೆಯ ಆನೆದಾರಿಯೆಂದು ಇದಕ್ಕೆ ಹೆಸರು. ಬಿಳಿಗಿರಿಯ ಆನೆಗಳು ಮಹದೇಶ್ವರನ ಬೆಟ್ಟದ ಕಡೆಗೆ ಹೋಗಿಬರುವುದು ಈ ದಾರಿಯಿಂದಲೇ. ಇದು ಮುಚ್ಚಿಹೋಗಬಾರದೆಂದು ವನ್ಯಜೀವಿಗಳ ಹಿತೈಷಿಗಳಾದ ಸಂಸ್ಥೆಯವರು ಹೊಲದವರಿಗೆ ಹಣ ಕೊಟ್ಟು ಕೆಲವು ಎಕರೆಗಳನ್ನು ಕೊಂಡು ಕಾಡಿಗೇ ಬಿಟ್ಟರು. ಚಿಕ್ಕಪ್ಪನವರು ಗಾಡಿಯನ್ನು ನಿಲ್ಲಿಸಹೇಳಿ ಕೆಳಗಿಳಿದರು. “ನೋಡಪ್ಪ, ಆನೆಗೆ ದಾರಿ ಬಿಟ್ಟರು. ನಾನೂ ನಿಮ್ಮಪ್ಪನೂ ಎರಡು ಮಾರು ಬಿಡಲಿಲ್ಲ” ಎಂದು ಹೇಳಿ, ಕಣ್ಣೊರಸಿಕೊಂಡರು.

ಅದೇ ರಸ್ತೆಯಲ್ಲಿ ಒಡೆಯರಪಾಳ್ಯವಿದೆ. 1959ರ ತರುವಾಯ ತಾಯ್ನಾಡನ್ನು ತೊರೆದು ಬಂದ ಟಿಬೆಟಿನವರ ನೆಲೆಯೊಂದು ಅಲ್ಲಿದೆ. ಅವರ ಬಾವುಟಗಳು ನಮ್ಮ ಬಯಲುಸೀಮೆಯ ಗಾಳಿಯಲ್ಲಿ ಹಾರಾಡುತ್ತಿದ್ದುವು. ಹಿಮದಾಚೆ ಉಳಿದ ಒಡಹುಟ್ಟಿದವರನ್ನು ಮತ್ತೆ ಕಾಣದೆಯೇ ಕಣ್ಣುಮುಚ್ಚಿದ ಮುದುಕರು ಅವರಲ್ಲಿ ಎಷ್ಟೋ ಮಂದಿ. ಅವರ ಅಗಲಿಕೆಯು ಅವರ ಕೈಯಲ್ಲಿರಲಿಲ್ಲ. ಕೊಳ್ಳೇಗಾಲಕ್ಕೂ ಲೊಕ್ಕನಹಳ್ಳಿಗೂ ಒಂದೇ ಹಗಲಿನ ದಾರಿ. ನಮ್ಮನ್ನು ತಡೆದವರು ಯಾರು?

ಚಿಕ್ಕಮ್ಮನವರು ರಾಗಿಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಮಕ್ಕಳು ಮಕ್ಕಳೊಡನೆ ಬೆರೆತುಹೋದರು; ನಂಟಸ್ತನವನ್ನು ಯಾರೂ ಅವರಿಗೆ ಕಲಿಸಬೇಕಾಗಲಿಲ್ಲ. ಹೊರಡುವಾಗ ನಾವು, “ತಂದೆಯವರ ತಿಥಿಗೆ ತಾವು ಬರಬೇಕು” ಎಂದು ಬೇಡಿಕೊಂಡೆವು. ಚಿಕ್ಕಪ್ಪನವರು ದಿನವನ್ನು ಕೇಳಿ, ಪಂಚಾಂಗವನ್ನು ತೆಗೆದು ಗುರುತು ಹಾಕಿಕೊಂಡರು.

ಈ ಸೀಮೆಗೆ ಹೋಗಬಯಸುವ ವಾಚಕರಿಗೆ ಎರಡು ಮಾತು. ಬೆಟ್ಟದ ಕಾಡುದಾರಿಯಲ್ಲಿ ಕತ್ತಲಾದ ಮೇಲೆ ವಾಹನಗಳನ್ನು ಬಿಡುವುದಿಲ್ಲವಾದುದರಿಂದ ಹೊತ್ತಿರುವಾಗಲೇ ಹೊರಡಿರಿ. ಆನೆ ಎದುರಾದರೆ ಸದ್ದು ಮಾಡದೆ ದಾರಿ ಬಿಡಿರಿ. ಮತ್ತು ಮಾತು ನಿಂತುಹೋದ ಅಣ್ಣನೋ ತಮ್ಮನೋ ಆ ಕಡೆ ಇದ್ದಲ್ಲಿ, ಮೊದಲು ಅವರ ಮನೆಗೆ ಹೋಗಿ ಬೆಟ್ಟಕ್ಕೆ ಕರೆಯಿರಿ. ನಮಗೆ ಹನ್ನೊಂದು ವರ್ಷ ತಡವಾಯಿತು.